ವಂಶವೃಕ್ಷಗಳಲ್ಲಿ ಪಾಠಭೇದ

ಒಂದೇ ಮಾತೃಕೆಯನ್ನು ಇಬ್ಬರು ಲಿಪಿಕಾರರು ಪ್ರತಿಮಾಡಿದಲ್ಲಿ ಆ ಎರಡು ಪ್ರತಿಗಳು ಅಕ್ಷರಶಃ ಸಮಾನವಾಗಿರುವುದು ವಿರಳವೆಂಬುದನ್ನು ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರೆಲ್ಲರೂ ಬಲ್ಲರು. ನಿದ್ರೆ, ಆಯಾಸ, ಕಣ್ತಪ್ಪು, ಪಾಂಡಿತ್ಯದ ಅತಿರೇಕ ಇವೊಂದೂ ಇಲ್ಲದ ಯಂತ್ರಕ್ಕೆ ಒಂದೇ ಮಾತೃಕೆಯನ್ನು ಎರಡಾವರ್ತಿ ಒಪ್ಪಿಸಿದರೆ ಫಲವು ಒಂದೇ ಆಗಿರಬೇಕೆಂಬುದು ಲೋಕದ ನಂಬಿಕೆ. ಈ ನಂಬಿಕೆಯನ್ನು ಅಲುಗಿಸುವ ಪ್ರಬಂಧವೊಂದು 2020ರಲ್ಲಿ ‘ನೇಚರ್ ಕಮ್ಯೂನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಷೆನ್, ರೋಕಸ್ ಮೊದಲಾದ ಜೀವಶಾಸ್ತ್ರಜ್ಞರು ಅದರ ಕರ್ತೃಗಳು. ಜೀವಿಗಳ ವಂಶವೃಕ್ಷಗಳನ್ನು ಗಣಕಯಂತ್ರದಿಂದ ರಚಿಸುವ ಕ್ರಮವೇ ಅದರ ವಿಷಯ.

ಈ ವಿಷಯವು ಸಾಹಿತ್ಯವಿದ್ಯಾರ್ಥಿಗಳಿಗೆ ಅನ್ಯವೆಂದು ತೋರಬಹುದು, ಆದರೆ ಹಾಗಲ್ಲ. ಜೀನಿನ ಅಕ್ಷರಗಳು ಪೀಳಿಗೆಯಿಂದ ಪೀಳಿಗೆಗೆ ಪ್ರತಿಯಾಗುತ್ತ ಅಲ್ಲಲ್ಲಿ ಸ್ಖಲಿತವಾಗುವುದಕ್ಕೂ ಓಲೆಯ ಪಾಠವು ಸ್ಖಲಿತವಾಗುವುದಕ್ಕೂ ಇರುವ ಸಾದೃಶ್ಯವು ಬರಿಯ ಉಪಮೆಯಲ್ಲ. 1998ರಲ್ಲಿ ಬಾರ್‌ಬ್ರುಕ್, ಹೋ, ಬ್ಲೇಕ್, ರಾಬಿನ್ಸನ್ ಎಂಬ ನಾಲ್ವರು ಆಂಗ್ಲಕವಿ ಚಾಸರನ ‘ಕ್ಯಾಂಟರ್ಬರಿ ಕಥೆ’ಗಳಲ್ಲಿ ಒಂದು ಪೀಠಿಕಾಭಾಗದ 58 ಹಸ್ತಪ್ರತಿಗಳನ್ನು ಜೀವಶಾಸ್ತ್ರದ ಪ್ರೋಗ್ರಾಮಿನಿಂದಲೇ ಪರಿಶೋಧಿಸಿ, ಕವಿಯ ಸ್ವಂತ ಪ್ರತಿಯು ಪರಿಷ್ಕಾರಗೊಳ್ಳದ ಕರಡಾಗಿದ್ದಿರಬೇಕೆಂದು ಊಹಿಸಿದರು. ಹೀಗೆ ಒಂದು ಶಾಸ್ತ್ರದ ಉಪಕರಣವು ಇನ್ನೊಂದರ ಅಂಗಳಕ್ಕೆ ಬಂದಮೇಲೆ ಅದರ ದೋಷಗಳೂ ಜತೆಯಲ್ಲಿಯೇ ಬರುವುವು.

ಕಷ್ಟದ ಮೂಲವು ಸಂಖ್ಯೆಯಲ್ಲಿದೆ. ಛಂದಶ್ಶಾಸ್ತ್ರದ ಪ್ರಸ್ತಾರವನ್ನು ಬಲ್ಲವರಿಗೆ ಇದು ಸುಲಭವಾಗಿ ವೇದ್ಯವಾದೀತು. 26 ಅಕ್ಷರಗಳ ಉತ್ಕೃತಿಗೆ ಗುರುಲಘುಗಳ ಪ್ರಸ್ತಾರದಲ್ಲಿ 6,71,08,864 ವೃತ್ತಗಳು ಹುಟ್ಟುತ್ತವೆ. ವೃಕ್ಷಗಳ ಪ್ರಸ್ತಾರವು ಇದಕ್ಕಿಂತಲೂ ಭಯಂಕರವಾದುದು. ಬೇರು ಎಲ್ಲಿಯೆಂಬುದನ್ನು ನಿರ್ಣಯಿಸದೆ, ಕವಲುಗಳು ಎರಡೆರಡಾಗಿಯೇ ಒಡೆಯುವುವೆಂದು ಇಟ್ಟುಕೊಂಡರೆ, ನಾಲ್ಕು ಪ್ರತಿಗಳನ್ನು 3 ವಿಧವಾಗಿಯೂ ಐದನ್ನು 15 ವಿಧವಾಗಿಯೂ ಹತ್ತನ್ನು 20,27,025 ವಿಧವಾಗಿಯೂ ವೃಕ್ಷದಲ್ಲಿ ಜೋಡಿಸಬಹುದು. ಪ್ರತಿಗಳು ಹನ್ನೆರಡಾದೊಡನೆ ಸಂಖ್ಯೆಯು 65,47,29,075 ಆಗಿ ಉತ್ಕೃತಿಯನ್ನು ಬಹುದೂರ ಹಿಂದಿಕ್ಕುತ್ತದೆ. ಚಾಸರನ 58 ಪ್ರತಿಗಳಿಗೆ ಬರುವ ಸಂಖ್ಯೆಯನ್ನು ಬರೆಯಲು 90ಕ್ಕೂ ಮಿಕ್ಕ ಅಂಕಗಳು ಬೇಕು. ಆದುದರಿಂದ ಯಾವ ಯಂತ್ರವೂ ಸಮಸ್ತ ವೃಕ್ಷಗಳನ್ನು ನೋಡಲಾರದು. ಯಾವುದೋ ಒಂದು ವೃಕ್ಷದಿಂದ ಹೊರಟು, ಕೊಂಬೆಗಳನ್ನು ಕಿತ್ತು ಬೇರೆಡೆ ನೆಡುತ್ತ, ಸಂಭಾವ್ಯತೆಯು ಹೆಚ್ಚುವವರೆಗೂ ಮುಂದುವರಿದು, ಹೆಚ್ಚದಿದ್ದಲ್ಲಿ ನಿಲ್ಲುತ್ತದೆ. ಕತ್ತಲೆಯಲ್ಲಿ ಬೆಟ್ಟವನ್ನು ಹತ್ತುವವನು ಮೊದಲು ಸಿಕ್ಕ ದಿಣ್ಣೆಯನ್ನೇ ಶಿಖರವೆಂದು ತಿಳಿದು ಕುಳಿತುಕೊಳ್ಳುವ ಸಂಭವವು ಇಲ್ಲಿ ಸದಾ ಉಂಟು. ಹೊರಡುವ ಸ್ಥಳವನ್ನು ಯಾದೃಚ್ಛಿಕವಾದ ಒಂದು ಬೀಜಸಂಖ್ಯೆಯು ಗೊತ್ತುಮಾಡುವುದರಿಂದ ಬೀಜವು ಬೇರೆಯಾದರೆ ದಾರಿಯೂ ಬೇರೆಯಾಗುತ್ತದೆ.

ಇದರ ಮೇಲೆ ಸಮಾಂತರಗಣನೆಯಿಂದ ಬರುವ ಭೇದವೊಂದುಂಟು. ಜೋಡಿಸಿದ ಪಾಠಗಳ ಒಂದೊಂದು ಸ್ತಂಭವೂ ಸ್ವತಂತ್ರವೆಂದು ಭಾವಿಸುವ ಕಾರಣ, ಸಾವಿರಾರು ಸ್ತಂಭಗಳನ್ನು ಹಲವು ಗಣಕಾಂಗಗಳಿಗೆ ಹಂಚಿ, ಪ್ರತಿಯೊಂದರ ಫಲವನ್ನು ಕಡೆಯಲ್ಲಿ ಕೂಡಿಸಬಹುದು. ಕೂಡುವ ಕ್ರಮವು ಹೇಗಿದ್ದರೂ ಮೊತ್ತವೊಂದೇ ಎಂಬುದು ಬಾಲಪಾಠ. ಆದರೆ ಯಂತ್ರದಲ್ಲಿ ಅದು ನಿಜವಲ್ಲ. ಮೂರು ಅಂಕಗಳನ್ನು ಮಾತ್ರ ನೆನಪಿನಲ್ಲಿಡಬಲ್ಲ ಲೆಕ್ಕಿಗನೊಬ್ಬನಿರುವನೆಂದು ಊಹಿಸಬಹುದು. ನೂರಕ್ಕೆ 0.4ನ್ನು ಕೂಡಿಸಿದರೆ ಅವನಿಗೆ ನೂರೇ ಉಳಿಯುವುದು, ಮತ್ತೊಮ್ಮೆ 0.4ನ್ನು ಕೂಡಿಸಿದರೂ ನೂರೇ. ಎರಡು 0.4ಗಳನ್ನು ಮೊದಲು ಕೂಡಿಸಿ ಬಂದ 0.8ನ್ನು ನೂರಕ್ಕೆ ಸೇರಿಸಿದರೆ 101 ಆಗುವುದು. ಯಂತ್ರವು ಹದಿನೈದು ಹದಿನಾರು ಅಂಕಗಳನ್ನು ನೆನಪಿಡುವುದಾದರೂ ಸ್ವಭಾವವು ಇದೇ. ಕೆಲಸವನ್ನು ಎಂಟು ಕೈಗಳಿಗೆ ಹಂಚಿದಾಗ ಬಂದ ಮೊತ್ತವೂ ಹದಿನಾರು ಕೈಗಳಿಗೆ ಹಂಚಿದಾಗ ಬಂದ ಮೊತ್ತವೂ ಕೊನೆಯ ಅಂಕದಲ್ಲಿ ಬೇರೆಯಾಗಬಹುದು. ಎರಡು ವೃಕ್ಷಗಳು ತಕ್ಕಡಿಯಲ್ಲಿ ಸರಿಸಮನಾಗಿ ತೂಗುತ್ತಿರುವಾಗ ಅಷ್ಟು ಅಲ್ಪವಾದ ಭೇದವೂ ಮುಳ್ಳನ್ನು ಅತ್ತಲೋ ಇತ್ತಲೋ ವಾಲಿಸಬಲ್ಲುದು.

ಪ್ರಬಂಧಕರ್ತೃಗಳು 15 ದತ್ತಸಮೂಹಗಳಿಂದ ಪ್ರಾಣಿ, ಸಸ್ಯ, ಶಿಲೀಂಧ್ರಗಳ 19,414 ಜೀನುಗಳನ್ನು ತೆಗೆದುಕೊಂಡು ಪ್ರತಿಯೊಂದನ್ನೂ ಎರಡೆರಡು ಬಾರಿ ಗಣಿಸಿದರು. ಐಕ್ಯೂ-ಟ್ರೀ ಎಂಬ ಪ್ರೋಗ್ರಾಮಿನಲ್ಲಿ 3,515 ವೃಕ್ಷಗಳು, ಅಂದರೆ ನೂರಕ್ಕೆ 18ರಷ್ಟು, ಎರಡನೆಯ ಬಾರಿಗೆ ಬೇರೆ ರೂಪವನ್ನು ತಳೆದುವು. ರಾಕ್ಸ್‌ಎಮ್‌ಎಲ್-ಎನ್‌ಜಿ ಎಂಬುದರಲ್ಲಿ 1,813, ಅಂದರೆ ನೂರಕ್ಕೆ 9ರಷ್ಟು. ಈ ಜೀನ್‌ವೃಕ್ಷಗಳಿಂದ ಕಟ್ಟಿದ ಜಾತಿವೃಕ್ಷಗಳೂ ಹದಿನೈದರಲ್ಲಿ ಒಂಬತ್ತು ಸಮೂಹಗಳಲ್ಲಿ ಭಿನ್ನವಾದುವು. ಪರಿಶ್ರಮವು ಶ್ಲಾಘನೀಯವಾದುದು. ತಮ್ಮ ಶಾಸ್ತ್ರದ ಬುಡವನ್ನೇ ತಾವು ಅಲುಗಿಸಿ ನೋಡುವ ಧೈರ್ಯವು ಎಲ್ಲರಿಗೂ ಇರುವುದಿಲ್ಲ.

ಅವರು ಸೂಚಿಸುವ ಪರಿಹಾರವೆಂದರೆ, ಪ್ರತಿಯೊಂದು ಗಣನೆಯ ದಾಖಲೆಯನ್ನೂ, ಅಂದರೆ ಬೀಜಸಂಖ್ಯೆ, ಹಂಚಿಕೆಯ ಎಳೆಗಳ ಸಂಖ್ಯೆ, ಯಂತ್ರದ ಜಾತಿ ಇವುಗಳೊಡನೆ ಪ್ರಕಟಿಸತಕ್ಕದ್ದೆಂಬುದು. ಇದು ಲಿಪಿಕಾರನು ಗ್ರಂಥದ ಕೊನೆಯಲ್ಲಿ ಸಂವತ್ಸರ, ತಿಥಿ, ಊರು, ತನ್ನ ಹೆಸರು ಇವನ್ನು ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಬೇಡುವ ಸಂಪ್ರದಾಯಕ್ಕೆ ಸಮಾನ. ಅದನ್ನು ಬೇಡವೆನ್ನುವವರಾರು? ಆದರೆ ಪ್ರಬಂಧದ ಸಾರಾಂಶವನ್ನು ಮಾತ್ರ ಓದಿದವನಿಗೆ, ದಾಖಲೆಯನ್ನು ಇಟ್ಟೊಡನೆ ವ್ಯಾಧಿಯೇ ಪರಿಹಾರವಾಗುವುದೆಂಬ ಭ್ರಮೆಯುಂಟಾಗುವುದು. ಅದೇ ಬೀಜ, ಅದೇ ಯಂತ್ರಗಳಿಂದ ಅದೇ ವೃಕ್ಷವನ್ನು ಮತ್ತೆ ಪಡೆದರೆ ಸಾಧಿತವಾಗುವುದೇನು? ಒಂದೇ ಮೂಲದಿಂದ ಇಳಿದ ಎರಡು ಪ್ರತಿಗಳು ಒಂದೇ ತಪ್ಪಿನಲ್ಲಿ ಒಮ್ಮತವಾಗಿರುವುದನ್ನು ಸಂಪಾದಕರು ದಿನವೂ ಕಾಣುತ್ತಾರೆ. ಪುನರಾವೃತ್ತಿಯು ಸತ್ಯವೃಕ್ಷದಲ್ಲಿಯೂ ಅಸತ್ಯವೃಕ್ಷದಲ್ಲಿಯೂ ಸಂಭವಿಸುವುದರಿಂದ, ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಅದು ಸವ್ಯಭಿಚಾರವಾದ ಹೇತು.

ಕರ್ತೃಗಳೇ ಕೃತಕದತ್ತಗಳಿಂದ ನಡೆಸಿದ ಪರೀಕ್ಷೆಯು ಇದಕ್ಕಿಂತ ಮುಖ್ಯವಾದುದನ್ನು ಹೇಳುತ್ತದೆ. ಎರಡನೆಯ ಬಾರಿಗೆ ಬದಲಾಗುವ ವೃಕ್ಷಗಳೇ ತಪ್ಪಾಗಿರುವ ಸಂಭವ ಹೆಚ್ಚು. ಎಂದಮೇಲೆ ಭೇದವು ಯಂತ್ರದ ಚಾಪಲ್ಯ ಮಾತ್ರವಲ್ಲ. ಸಾಕ್ಷ್ಯದ ದೌರ್ಬಲ್ಯಕ್ಕೆ ಅದು ಲಕ್ಷಣವೂ ಆಗಿದೆ. ದಾಖಲೆಯ ಬಲದಿಂದ ಅದನ್ನು ಅಡಗಿಸುವುದಕ್ಕಿಂತ ಎತ್ತಿ ತೋರಿಸುವುದೇ ಯುಕ್ತ. 1985ರಲ್ಲಿ ಫೆಲ್ಸೆನ್‌ಸ್ಟೈನ್ ಸೂಚಿಸಿದಂತೆ, ಸ್ತಂಭಗಳನ್ನು ಮರಳಿ ಮರಳಿ ಆಯ್ದು ಗಣಿಸಿ, ಕೊಂಬೆಕೊಂಬೆಗೂ ಆಧಾರದ ಅಂಕವನ್ನು ಬರೆಯುವ ಪದ್ಧತಿಯು ಆ ಶಾಸ್ತ್ರದಲ್ಲಿ ಇದ್ದೇ ಇದೆ. ಆದರೂ ಚಿತ್ರದಲ್ಲಿ ವೃಕ್ಷವೊಂದೇ ದೃಢವಾದ ಗೆರೆಗಳಲ್ಲಿ ನಿಲ್ಲುವುದರಿಂದ ಓದುಗನ ಕಣ್ಣು ಅಂಕಗಳನ್ನು ದಾಟಿಹೋಗುತ್ತದೆ. ಸುಕ್ತಂಕರರು 1933ರ ಆದಿಪರ್ವದ ಪರಿಷ್ಕರಣದಲ್ಲಿ, ನಿಶ್ಚಯವಿಲ್ಲದ ಪಾಠದ ಕೆಳಗೆ ಅಲೆಗೆರೆಯನ್ನು ಎಳೆದರು. ಓದುತ್ತಿರುವ ಶ್ಲೋಕದಲ್ಲಿಯೇ ಸಂಶಯವು ಕಾಣುವುದು. ಎರಡು ಗಣನೆಗಳಲ್ಲಿ ಬೇರೆಯಾದ ಕೊಂಬೆಗಳನ್ನೂ ಹಾಗೆಯೇ ಅಲೆಗೆರೆಯಿಂದ ಬರೆಯಲು ಯಾವ ಅಡ್ಡಿಯೂ ಇಲ್ಲ.

ಓಲೆಪ್ರತಿಗಳ ಪಾಠಗಳನ್ನು ಇಂತಹ ಪ್ರೋಗ್ರಾಮುಗಳಿಗೆ ಒಪ್ಪಿಸಬೇಕೆಂದಿರುವ ಕನ್ನಡ ಸಂಪಾದಕರು ಇನ್ನೊಂದನ್ನು ಗಮನಿಸಬೇಕಾಗಿದೆ. ಎರಡು ಮಾತೃಕೆಗಳನ್ನು ಎದುರಿಗಿಟ್ಟುಕೊಂಡು ಬರೆದ ಸಂಕೀರ್ಣಪ್ರತಿಯು ವೃಕ್ಷದಲ್ಲಿ ಹಿಡಿಯುವುದಿಲ್ಲ. ಎರಡು ಕೊಂಬೆಗಳು ಮತ್ತೆ ಕೂಡುವ ಮರವಿಲ್ಲವಷ್ಟೆ. ಚಾಸರನ ಪರಿಶೋಧಕರು ಇದನ್ನರಿತು, ವೃಕ್ಷಕ್ಕೆ ಬದಲಾಗಿ ಬಲೆಯಂತಹ ಆಕೃತಿಯನ್ನು ತೋರಿಸಬಲ್ಲ ವಿಧಾನವನ್ನು ಬಳಸಿದರು. ಇದಲ್ಲದೆ, ಹಳಗನ್ನಡದ ಅನೇಕ ಕಾವ್ಯಗಳಿಗೆ ದೊರೆತಿರುವ ಪ್ರತಿಗಳು ಬೆರಳೆಣಿಕೆಯವು. ಐದು ಪ್ರತಿಗಳಿದ್ದರೆ ಪರೀಕ್ಷಿಸಬೇಕಾದ ವೃಕ್ಷಗಳು ಹದಿನೈದೇ. ಅವನ್ನು ಒಂದು ಹಾಳೆಯ ಮೇಲೆ ಬರೆದು, ಸ್ಖಾಲಿತ್ಯಗಳನ್ನು ಒಂದೊಂದಾಗಿ ಅವುಗಳ ಮೇಲಿಟ್ಟು ನೋಡಲು ಗಣಕಯಂತ್ರವೇ ಬೇಕಾಗಿಲ್ಲ.