ಗೇರ್ ಬಾಕ್ಸ್ ಮೇಲಿನ ಅಪವಾದ

ಹಳೆಯ ಆಟೊಮ್ಯಾಟಿಕ್ ಕಾರು ಒಮ್ಮೆ ಜರ್ಕ್ ಹೊಡೆದರೆ ಸಾಕು, ನಮ್ಮ ಕಡೆ ಸಿಗುವ ತೀರ್ಪು ಒಂದೇ: 'ಬಾಕ್ಸ್ ಹೋಗಿದೆ ಮಾರಾಯ್ರೆ, ಕೊಟ್ಟುಬಿಡಿ.' ಈ ಮಾತಿಗೆ ಹೆದರಿ ಎಷ್ಟೋ ಒಳ್ಳೆಯ ಗಾಡಿಗಳು ಗುಜರಿ ಸೇರಿವೆ. ಮೂರು ಗೇರಿನ ಝೆನ್, ನಾಲ್ಕು ಗೇರಿನ ಮೊದಲ ತಲೆಮಾರಿನ ಹೋಂಡಾ ಸಿಟಿ, ಆಮೇಲಿನ ಐ10. ಗಲ್ಫಿನಲ್ಲಿ ಎಡಗಾಲಿಗೆ ರಜೆ ಕೊಟ್ಟು ಓಡಿಸಿ ಅಭ್ಯಾಸವಾದವರು ಊರಿಗೆ ಮರಳಿ ಇಂಥವನ್ನೇ ಹುಡುಕಿ ಕೊಂಡರು. ಇವುಗಳಲ್ಲಿ ಹೆಚ್ಚಿನವುಗಳ ಬಾಕ್ಸ್ ಬಿಚ್ಚುವ ಅಗತ್ಯವೇ ಇರಲಿಲ್ಲ ಎಂಬುದು ನನ್ನ ವಾದ.

ಈ ಯಂತ್ರ ನಾಜೂಕಿನದು ಎಂಬ ನಂಬಿಕೆಯೇ ತಪ್ಪು. ದ್ರವದ ಮೂಲಕ ಶಕ್ತಿ ದಾಟಿಸುವ ಉಪಾಯಕ್ಕೆ ಜರ್ಮನಿಯ ಹರ್ಮನ್ ಫೊಟಿಂಗರ್ 1905ರಲ್ಲಿ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ. ಓಲ್ಡ್ಸ್‌ಮೊಬೀಲ್ ಕಂಪನಿ 1940ರ ಮಾದರಿಯಲ್ಲಿ ತಂದ ಹೈಡ್ರಾಮ್ಯಾಟಿಕ್, ಎರಡನೇ ಮಹಾಯುದ್ಧದ ಅಮೆರಿಕನ್ ಟ್ಯಾಂಕಿಗೂ ಹೋಯಿತು. ಟ್ಯಾಂಕಿಗೆ ಆದದ್ದು ನಮ್ಮ ಬಂಟ್ವಾಳ ಸೀಮೆಯ ಸಿದ್ಧಕಟ್ಟೆ ಏರಿಗೆ ಆಗದೆ ಇರುತ್ತದೆಯೇ?

ಆದರೆ ಆಟೊಮ್ಯಾಟಿಕ್ ಬಾಕ್ಸಿಗೆ ಆಯಿಲ್ ಬೇಕು, ಸರಿಯಾದ ಆಯಿಲ್ ಬೇಕು. ಮ್ಯಾನುಯಲ್ ಬಾಕ್ಸಿನಲ್ಲಿ ಆಯಿಲ್ ಬರೀ ಸವಕಳಿ ತಡೆಯುತ್ತದೆ. ಇಲ್ಲಿ ಕ್ಲಚ್ಚುಗಳನ್ನು ಒತ್ತಿ ಹಿಡಿಯುವುದೂ ಅದೇ. ಮಟ್ಟ ಸ್ವಲ್ಪ ಇಳಿದರೂ ಪಂಪು ಗಾಳಿ ಎಳೆಯುತ್ತದೆ, ಒತ್ತಡ ಬೀಳುತ್ತದೆ, ಗೇರು ಜಾರುತ್ತದೆ. ಮಟ್ಟ ನೋಡುವುದರಲ್ಲೇ ಅರ್ಧ ಗ್ಯಾರೇಜುಗಳು ಎಡವುತ್ತವೆ. ಹೆಚ್ಚಿನ ಕಾರುಗಳಲ್ಲಿ ಬಿಸಿಯಾದ ಎಂಜಿನ್ ಓಡುತ್ತಿರುವಾಗಲೇ, ಲಿವರ್ 'ಪಿ'ಯಲ್ಲಿಟ್ಟು ನೋಡಬೇಕು. ಹಳೆಯ ಹೋಂಡಾದ ಕ್ರಮ ಬೇರೆ: ಬಿಸಿಯಾದ ಮೇಲೆ ಎಂಜಿನ್ ನಿಲ್ಲಿಸಿ, 60ರಿಂದ 90 ಸೆಕೆಂಡಿನೊಳಗೆ ಡಿಪ್‌ಸ್ಟಿಕ್ ಎಳೆಯಬೇಕು. ಓಡುವಾಗಲೇ ನೋಡಿ, ಕಡಿಮೆ ಇದೆಯೆಂದು ತುಂಬಿಸಿದರೆ ಮಟ್ಟ ಮಿತಿ ಮೀರಿ ನೊರೆಯೇಳುತ್ತದೆ. ನೊರೆಗೆ ಒತ್ತಡ ಹಿಡಿಯುವ ತಾಕತ್ತಿಲ್ಲ.

ಆಮೇಲೆ ಬಣ್ಣ. ಕೆಂಪು ಸರಿ. ಕಂದಾದರೆ ಬದಲಿಸುವ ಕಾಲ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗೆ ಕ್ಲಚ್ ಪ್ಲೇಟು ಉರಿದಿದೆ ಎಂದರ್ಥ. ರೋಸ್ ಮಿಲ್ಕಿನ ಹಾಗೆ ಗುಲಾಬಿ ಹಾಲಾಗಿದ್ದರೆ ಗಾಡಿಯನ್ನು ಅಲ್ಲಿಂದ ಅಲುಗಿಸಬೇಡಿ. ಹಳೆಯ ಅನೇಕ ಕಾರುಗಳಲ್ಲಿ ಗೇರ್ ಆಯಿಲ್ ತಣಿಯುವುದು ರೇಡಿಯೇಟರಿನ ತೊಟ್ಟಿಯೊಳಗೇ. ಅಲ್ಲಿ ಒಳಗಿಂದ ತೂತುಬಿದ್ದು ಕೂಲೆಂಟ್ ಬಾಕ್ಸಿಗೆ ನುಗ್ಗಿದೆ. ಹದಿನೈದು ವರ್ಷ ದಾಟಿದ ಕಾರಿಗೆ, ಕೆಡುವ ಮೊದಲೇ ಹೊಸ ರೇಡಿಯೇಟರ್ ಹಾಕಿಸುವುದು ನನ್ನ ಪ್ರಕಾರ ದುಂದಲ್ಲ.

ಆಯಿಲ್ ಬದಲಿಸುವುದಾದರೆ ಯಂತ್ರ ಜೋಡಿಸಿ ಪೂರ್ತಿ ತೊಳೆಸುವ ಆಸೆ ಬೇಡ. ತಳದ ಡ್ರೇನ್ ಪ್ಲಗ್ ಬಿಚ್ಚಿದರೆ ಎರಡೂವರೆ, ಮೂರು ಲೀಟರ್ ಇಳಿಯುತ್ತದೆ; ಉಳಿದದ್ದು ಹೆಚ್ಚಾಗಿ, ಎಂಜಿನ್ನಿನ ಶಕ್ತಿಯನ್ನು ದ್ರವದ ಮೂಲಕ ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನಲ್ಲೇ ಇರುತ್ತದೆ. ಇಳಿದಷ್ಟೇ ತುಂಬಿಸಿ, ಸಾವಿರ ಕಿಲೋಮೀಟರ್ ಓಡಿಸಿ, ಮತ್ತೊಮ್ಮೆ ಇಳಿಸಿ. ಪ್ಲಗ್ಗಿನ ಆಯಸ್ಕಾಂತಕ್ಕೆ ಬೂದು ಬಣ್ಣದ ನುಣುಪು ಕೆಸರು ಅಂಟಿದ್ದರೆ ಸಹಜ. ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಮಾತ್ರ ಚಿಂತೆ. ಹೋಂಡಾಕ್ಕೆ ಅದರದೇ ಆಯಿಲ್: ಮೊದಲು ಝಡ್1, ಈಗ ಅದರ ಜಾಗದಲ್ಲಿ ಡಿಡಬ್ಲ್ಯು-1. 'ಎಲ್ಲ ಕೆಂಪು ಆಯಿಲೂ ಒಂದೇ' ಎನ್ನುವ ಗ್ಯಾರೇಜಿನಿಂದ ಚಾ ಕುಡಿದು ಎದ್ದು ಬನ್ನಿ.

ಆಯಿಲ್ ಸರಿಯಿದ್ದರೆ ಹೊರಗಿನ ಆರೋಪಿಗಳನ್ನು ಹಿಡಿಯಬೇಕು. ಲಿವರ್ 'ಪಿ' ಬಿಟ್ಟು ಏಳದಿದ್ದರೆ ಬ್ರೇಕ್ ಲೈಟ್ ಹತ್ತುತ್ತದೆಯೇ ನೋಡಿ. ಪೆಡಲಿನ ಸ್ವಿಚ್ ಕೆಟ್ಟಿರಬಹುದು. 'ಡಿ'ಗೆ ಹಾಕಿದಾಗ ದಡ್ ಎಂದರೆ ಎಂಜಿನ್ ಮೌಂಟಿಂಗಿನ ರಬ್ಬರ್ ಹರಿದಿರಬಹುದು. ಕೇಬಲ್ ಇರುವ ಹಳೆಯ ಮಾದರಿಗಳಲ್ಲಿ ಆಕ್ಸಲರೇಟರ್ ಬದಿಯ ಕೇಬಲ್ ಸಡಿಲಾದರೂ ಗೇರು ಬೇಗನೆ ಬೀಳುತ್ತದೆ, ಬಿಗಿಯಾದರೆ ತಡವಾಗುತ್ತದೆ. ಇನ್ನೊಬ್ಬ ಆರೋಪಿ ಇಲಿ. ಮುಂಬಯಿಯಲ್ಲಿ ನೆಲೆಸಿದವರ ಊರಿನ ಕಾರು ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತಿರುತ್ತದೆ. ಅಡಿಕೆ, ಹುಲ್ಲು, ಇಲಿ ಎಲ್ಲವೂ ಅಲ್ಲೇ. ಸೆನ್ಸರ್ ವಯರು ಕಡಿದುಹೋದರೆ ಕಂಪ್ಯೂಟರ್ ಹೆದರಿ ಬಾಕ್ಸನ್ನು ಒಂದೇ ಗೇರಿನಲ್ಲಿ ಹಿಡಿದಿಡುತ್ತದೆ. ಜೊತೆಗೆ ಸ್ಪೀಡೋಮೀಟರ್ ಮುಳ್ಳೂ ಬಿದ್ದಿದ್ದರೆ ದೋಷ ವೇಗದ ಸೆನ್ಸರಿನಲ್ಲೋ ಅದರ ವಯರಿನಲ್ಲೋ ಇದೆ ಎಂದು ಹೆಚ್ಚುಕಡಿಮೆ ಗೊತ್ತಾದ ಹಾಗೆ.

ಪರೀಕ್ಷೆಗೆ ಬಂಟ್ವಾಳ, ಮೂಡುಬಿದಿರೆ, ಗುರುವಾಯನಕೆರೆಗಳ ನಮ್ಮ ತ್ರಿಕೋನಕ್ಕಿಂತ ಒಳ್ಳೆಯ ರಸ್ತೆ ನಾನು ಕಂಡಿಲ್ಲ. ಬೆಳಿಗ್ಗೆ ತಣ್ಣಗಿನ ಎಂಜಿನ್ನಿನಲ್ಲಿ ಬಂಟ್ವಾಳದಿಂದ ಹೊರಡಿ. ಸಿದ್ಧಕಟ್ಟೆ ದಾಟಿ ಮೂಡುಬಿದಿರೆ ತನಕದ ಏರಿಳಿತದಲ್ಲಿ ಹಗುರ ಕಾಲಿಡಿ. ಸದ್ದು ಏರಿ ಗಾಡಿ ಮುಂದೆ ಹೋಗದಿದ್ದರೆ ಅದು ಜಾರುವಿಕೆ. ಅಲ್ಲಿಂದ ವೇಣೂರು, ಗುರುವಾಯನಕೆರೆ. ಅಷ್ಟರಲ್ಲಿ ಆಯಿಲ್ ಪೂರ್ತಿ ಕಾದಿರುತ್ತದೆ. ತಣ್ಣಗಿದ್ದಾಗ ತಡವರಿಸಿ ಬಿಸಿಯಾದ ಮೇಲೆ ಸರಿಹೋದರೆ ಸೀಲುಗಳು ಗಟ್ಟಿಯಾಗಿವೆ. ಇನ್ನೂ ಕೆಲವು ವರ್ಷ ಓಡಿಸಬಹುದು. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಲ್ಲಿ ಜಾರತೊಡಗಿದರೆ ಒತ್ತಡವೇ ಸೋರುತ್ತಿದೆ, ಅದು ಕೆಟ್ಟ ಸುದ್ದಿ. ಮಡಂತ್ಯಾರು, ಪುಂಜಾಲಕಟ್ಟೆ ದಾಟಿದ ಮೇಲೆ ಅಗಲ ರಸ್ತೆ. ಅಲ್ಲಿ ಮೇಲಿನ ಗೇರಿನಲ್ಲಿ 60–70ರ ವೇಗದಲ್ಲಿ ಗಾಡಿ ನಡುಗಿದರೆ, ವೇಗ ಬಿಡದೆ ಎಡಗಾಲಿನಿಂದ ಬ್ರೇಕನ್ನು ತುಸು ಮುಟ್ಟಿ. ನಡುಕ ನಿಂತರೆ ಕನ್ವರ್ಟರಿನ ಲಾಕಪ್ ಕ್ಲಚ್, ಹೆಚ್ಚಾಗಿ ಹೊಸ ಆಯಿಲಿಗೇ ಸರಿಹೋಗುತ್ತದೆ. ನಿಲ್ಲದಿದ್ದರೆ ಎಂಜಿನ್ನಿನ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್ ನೋಡಿಸಿ. ಬಾಕ್ಸಿಗೂ ಅದಕ್ಕೂ ಸಂಬಂಧವಿಲ್ಲ. ದಾರಿ ತುಸು ತಪ್ಪಿಸಿ ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹಾಲಯಕ್ಕೂ ಹೋಗಿಬರಬಹುದು. ಹಳೆಯ ಕಾರಿಗೆ ಈ ಸೀಮೆಯಲ್ಲಿ ಸಿಗುವ ಮರ್ಯಾದೆ ಅಲ್ಲಿಯದೇ.

ಇದೆಲ್ಲ ಕನ್ವರ್ಟರ್ ಇರುವ ಬಾಕ್ಸಿನ ಮಾತು. 2003ರಲ್ಲಿ ಬಂದ ಎರಡನೇ ತಲೆಮಾರಿನ ಸಿಟಿಯಲ್ಲಿ ಇದ್ದದ್ದು ಸಿವಿಟಿ ಎಂಬ ಬೆಲ್ಟಿನ ಬಾಕ್ಸ್. ಅದರ ಸ್ಟಾರ್ಟ್ ಕ್ಲಚ್ ಹಳತಾದಾಗ ಹೊರಡುವ ಗಳಿಗೆಯಲ್ಲಿ ನಡುಕ ಕೊಡುತ್ತದೆ, ಆಯಿಲೂ ಬೇರೆಯೇ. 2014ರಲ್ಲಿ ಮಾರುತಿಯ ಸೆಲೆರಿಯೊ ಮೂಲಕ ಬಂದ ಎಜಿಎಸ್ ಅಂತೂ ಮ್ಯಾನುಯಲ್ ಬಾಕ್ಸೇ, ಕ್ಲಚ್ ಒತ್ತುವ, ಗೇರು ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಅದರ ಜರ್ಕ್ ಕಾಯಿಲೆಯಲ್ಲ, ಸ್ವಭಾವ.

ಚಾರ್ಮಾಡಿ ಘಾಟಿ ಹತ್ತುವವರಿಗೆ ಒಂದು ಮಾತು. 'ಡಿ'ಯಲ್ಲೇ ಬಿಟ್ಟರೆ ಬಾಕ್ಸ್ ಎರಡು, ಮೂರರ ನಡುವೆ ಓಲಾಡಿ ಬಿಸಿಯೇರುತ್ತದೆ. ಲಿವರನ್ನು '2'ಕ್ಕೆ ಇಳಿಸಿ, ಇಳಿಯುವಾಗಲೂ ಹಾಗೆಯೇ. ಗಾಡಿ ನಿಂತೇಹೋದರೆ ಪಿಕಪ್ಪಿಗೆ ಹಗ್ಗ ಕಟ್ಟಿ ಉಜಿರೆಗೆ ಎಳೆಸಬೇಡಿ. ಎಂಜಿನ್ ಓಡದಿದ್ದರೆ ಪಂಪೂ ಓಡುವುದಿಲ್ಲ, ಚಕ್ರ ತಿರುಗಿದಷ್ಟೂ ಒಳಗೆ ಒಣ ಸವಕಳಿ. ತಳ್ಳಿ ಸ್ಟಾರ್ಟ್ ಮಾಡುವ ಪ್ರಶ್ನೆಯೂ ಇಲ್ಲ. ಮುಂದಿನ ಚಕ್ರ ಎತ್ತಿ ಒಯ್ಯುವ ಇಲ್ಲವೇ ಪೂರ್ತಿ ಹೊತ್ತೊಯ್ಯುವ ಗಾಡಿ ಬರುವ ತನಕ ಕಾಯಿರಿ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಬಾಕ್ಸ್ ಹುಡುಕುತ್ತ ಅಲೆಯುವುದಕ್ಕಿಂತ ಆ ಕಾಯುವಿಕೆ ಅಗ್ಗ.