ಶೀಲಾ ಗೌಡರ ಕಲೆ: ಸೆಗಣಿಯಿಂದ ಒರಳುಕಲ್ಲಿನವರೆಗೆ

‘ಇದೂ ಒಂದು ಕಲೆಯೇ?’ ಶೀಲಾ ಗೌಡರ ಕೃತಿಗಳ ಛಾಯಾಚಿತ್ರಗಳನ್ನು ಮೊದಲು ಕಂಡಾಗ ನಾವು ಕೇಳಿದ ಪ್ರಶ್ನೆ ಇದೇ. ವಿಜ್ಞಾನದ ಪದವಿ ಪಡೆದು ಕಡತಗಳ ನಡುವೆ ದಿನ ನೂಕುವ ನಮ್ಮಂಥವರಿಗೆ ಕಲೆಯೆಂದರೆ ಚೌಕಟ್ಟಿನೊಳಗಿನ ಚಿತ್ರ, ಪೀಠದ ಮೇಲಿನ ಮೂರ್ತಿ. ಆ ಪ್ರಶ್ನೆಯನ್ನು ನಾವು ಹಿಂದಕ್ಕೆ ತೆಗೆದುಕೊಂಡದ್ದೇಕೆಂಬುದನ್ನು ವಾಚಕರ ಮುಂದಿಡುತ್ತಿದ್ದೇವೆ.

೧೯೫೭ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಶೀಲಾ ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಈ ಮೂರೂ ಕಡೆ ಕಲಿತವರು. ಕೈ ಪಳಗಿದ್ದು ಚಿತ್ರಕಲೆಯಲ್ಲಿ. ಆದರೆ ೧೯೯೨ರ ಅಯೋಧ್ಯೆಯ ಘಟನೆ ಹಾಗೂ ಅದರ ಬೆನ್ನಿಗೆ ನಡೆದ ಮುಂಬಯಿ ಗಲಭೆಗಳ ಕಾಲದಲ್ಲಿ ಅವರು ಸೆಗಣಿಯನ್ನು ಕೈಗೆತ್ತಿಕೊಂಡರು. ಪವಿತ್ರವೆಂದು ಹೇಳುವವರು ಗಂಡಸರು, ಬಾಚಿ ಬೆರಣಿ ತಟ್ಟುವವರು ಹೆಂಗಸರು! ಒಂದೇ ವಸ್ತುವಿನಲ್ಲಿ ಭಕ್ತಿ, ದುಡಿಮೆ, ರಾಜಕೀಯ ಮೂರೂ ಬೆರೆತಿರುವಾಗ ಬಣ್ಣದ ಟ್ಯೂಬು ಏತಕ್ಕೆ ಬೇಕು?

೧೯೯೮ರ ಕೃತಿಯೊಂದರಲ್ಲಿ ನೂರಾರು ಅಡಿ ದಾರವನ್ನು ಸೂಜಿಯ ಕಣ್ಣುಗಳಲ್ಲಿ ಪೋಣಿಸಿ, ಕುಂಕುಮ ಮತ್ತು ಅಂಟಿನಿಂದ ಬಳಿದು ಕೆಂಪು ಹಗ್ಗವಾಗಿ ಹೊಸೆದಿದ್ದಾರೆ. ಹಗ್ಗದ ತುದಿಯಲ್ಲಿ ಸೂಜಿಗಳ ಗೊಂಚಲು. ನೋಡಿದರೆ ಕರುಳಿನಂತೆಯೂ ಕಾಣುತ್ತದೆ, ಮನೆಗೆಲಸದಂತೆಯೂ ಕಾಣುತ್ತದೆ. ಯಾರ ನೋವೆಂದು ವಿವರಿಸುವ ಗೋಜಿಗೆ ಅವರು ಹೋಗಿಲ್ಲ. ಅದೇ ಅದರ ಹೆಚ್ಚುಗಾರಿಕೆ.

೨೦೦೯ರ ವೆನಿಸ್ ಬಿಯೆನಾಲೆಯಲ್ಲಿ ಪ್ರದರ್ಶಿತವಾದ ‘ಬಿಹೋಲ್ಡ್’ ಇನ್ನೂ ಬಲವಾದದ್ದು. ದೃಷ್ಟಿ ತಾಕದಿರಲೆಂದು ನಮ್ಮ ಕಡೆ ವಾಹನಗಳಿಗೆ ಕಟ್ಟುವ ಕೂದಲಿನ ಹಗ್ಗ ಎಲ್ಲರಿಗೂ ಗೊತ್ತು. ಅಂಥದೇ ಹಗ್ಗ ಸುಮಾರು ನಾಲ್ಕು ಕಿಲೋಮೀಟರು! ಅದರಿಂದ ಕಾರಿನ ಉಕ್ಕಿನ ಬಂಪರುಗಳನ್ನು ಗೋಡೆಗೆ ತೂಗುಹಾಕಿದ್ದಾರೆ. ಉಕ್ಕನ್ನು ಕೂದಲು ಹೊರುತ್ತದೆಯೇ ಎಂಬ ಶಂಕೆ ನಮ್ಮೊಳಗಿನ ಬಿಎಸ್‌ಸಿಗೆ ಬಾರದಿರಲಿಲ್ಲ. ಹೊರುತ್ತದೆ. ಯಾರೋ ಮುಡಿ ಕೊಟ್ಟರು, ಯಾರೋ ಹೊಸೆದರು, ಅದರ ಮೇಲೆ ಯಂತ್ರನಾಗರಿಕತೆ ತೂಗುತ್ತಿದೆ.

ಎಲ್ಲವನ್ನೂ ಹೊಗಳಲಾರೆವು. ಡಾಂಬರಿನ ಖಾಲಿ ಡ್ರಮ್ಮುಗಳಿಂದ ೨೦೦೬ರಲ್ಲಿ ಕಟ್ಟಿದ ‘ಡಾರ್ಕ್‌ರೂಮ್’ನೊಳಗೆ ಬಾಗಿ ನುಸುಳಿದರೆ ಚಾವಣಿಯ ತೂತುಗಳು ನಕ್ಷತ್ರಗಳಂತೆ ತೋರುತ್ತವೆ. ರಸ್ತೆ ಕೂಲಿಯ ಗುಡಿಸಲಿಗೆ ಈ ಅಂದ ತುಸು ಸುಲಭವಾಯಿತೆಂದು ನಮ್ಮ ಅಭಿಪ್ರಾಯ. ಡ್ರಮ್ಮಿನ ತಗಡು, ಟಾರ್ಪಾಲು, ಅಭ್ರಕ ಸೇರಿಸಿದ ಮತ್ತೊಂದು ಕೃತಿಗೆ ‘ಕಾಗೆಬಂಗಾರ’ ಎಂದೇ ಹೆಸರಿಟ್ಟಿರುವುದು ಮಾತ್ರ ಸೊಗಸು. ಪ್ರಯೋಗಶಾಲೆಯಲ್ಲಿ ‘ಮೈಕಾ’ ಎಂದು ಕಲಿತು ಮರೆತಿದ್ದ ಪದವನ್ನು ವಿದೇಶದ ಕಲಾಗ್ರಂಥಗಳಲ್ಲಿ ಕನ್ನಡದಲ್ಲೇ ಕಂಡಾಗ ಆದ ಸಂತೋಷ ಅಷ್ಟಿಷ್ಟಲ್ಲ. ೨೦೧೯ರಲ್ಲಿ ಅವರಿಗೆ ಮಾರಿಯಾ ಲಾಸ್‌ನಿಗ್ ಪ್ರಶಸ್ತಿ ಸಂದಿತು. ಅದೇ ವರ್ಷ ಮಿಲಾನಿನಲ್ಲಿ ದೊಡ್ಡ ಪ್ರದರ್ಶನ ನಡೆಯಿತು. ನಮ್ಮ ಸಂಘಗಳ ಸನ್ಮಾನಪಟ್ಟಿಗಳಲ್ಲಿ ಗಾಯಕರಿದ್ದಾರೆ, ನಟರಿದ್ದಾರೆ. ಈ ಹೆಸರನ್ನು ನಾವಂತೂ ಕಂಡಿಲ್ಲ.

೨೦೧೨ರ ಕೊಚ್ಚಿ ಬಿಯೆನಾಲೆಗೆ ಅವರು ಕ್ರಿಸ್ಟಾಫ್ ಸ್ಟೋರ್ಟ್ಸ್ ಅವರೊಡನೆ ಬೆಂಗಳೂರಿನಿಂದ ೧೭೦ ಒರಳುಕಲ್ಲುಗಳನ್ನು ಸಾಗಿಸಿದರು. ಮಿಕ್ಸಿ ಬಂದ ಮೇಲೆ ಮನೆಯವರಿಗೆ ಬೇಡವಾಗಿ ಬೀದಿಗೆ ಬಿದ್ದ ಕಲ್ಲುಗಳವು. ಅದನ್ನು ಓದಿದ ದಿನ ನಮ್ಮ ಮನೆಯಲ್ಲಿ ಮಾತು ಬೆಳೆಯಿತು. ಮೂರು ವರ್ಗಾವಣೆಗಳಲ್ಲಿ ಲಾರಿಯವನ ಗೊಣಗಾಟ ಕೇಳಿಸಿಕೊಂಡು ಹೊತ್ತು ತಂದ ಅಮ್ಮನ ಒರಳು ಸರ್ಕಾರಿ ವಸತಿಗೃಹದ ಬಾಲ್ಕನಿಯಲ್ಲಿದೆ. ಅದರ ಮೇಲೆ ತುಳಸಿಯ ಕುಂಡ. ಈ ಸಲ ಬಿಟ್ಟುಹೋಗೋಣವೆಂದು ನಾವೇ ಅಂದಿದ್ದೆವು.