ಕರಡು ಬರೆದವರು, ಕಾವಲು ನಿಂತವರು

ಬೆನಗಲ್ ನರಸಿಂಗ ರಾಯರನ್ನು ನಮ್ಮ ಕಡೆ ನೆನೆಯುವುದೆಲ್ಲ ಸಂವಿಧಾನದ ಲೆಕ್ಕದಲ್ಲಿ. ಸಂವಿಧಾನ ಸಭೆಯ ಸಲಹೆಗಾರರು, ಮೊದಲ ಕರಡು ಮಾಡಿಕೊಟ್ಟವರು, ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದವರು, ಹೆಸರಿನ ಮುಂದೆ ಉಡುಪಿ ಜಿಲ್ಲೆಯ ಹಳ್ಳಿಯೊಂದನ್ನು ಇಟ್ಟುಕೊಂಡವರು. ಉಡುಪಿ, ಮಣಿಪಾಲದ ಭಾಷಣಗಳಲ್ಲಿ, ಪತ್ರಿಕೆಗಳ ವಿಶೇಷ ಪುಟಗಳಲ್ಲಿ ಈ ನಾಲ್ಕು ಸಾಲೇ ತಿರುಗುತ್ತಿರುತ್ತವೆ. ‘ನಮ್ಮೂರ ಹೆಮ್ಮೆ’ ಎಂಬ ಈ ಬಗೆಯ ಬರವಣಿಗೆಯ ಮೇಲೆ ನನ್ನ ತಕರಾರು ಇಷ್ಟೇ: ಅದು 1950ರ ಜನವರಿ 26ಕ್ಕೆ ಬಸ್ಸಿನಿಂದ ಇಳಿದುಬಿಡುತ್ತದೆ. ರಾಯರಿಗೆ ನಿಜವಾಗಿ ಕಷ್ಟ ಕೊಟ್ಟ ಬರವಣಿಗೆ ಶುರುವಾದದ್ದು ಆಮೇಲೆ.

ಆ ವರ್ಷದ ಜೂನ್ ತಿಂಗಳು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷತೆ ಭಾರತದ ಸರದಿ, ಪೀಠದಲ್ಲಿದ್ದವರು ರಾಯರು. 25ನೇ ತಾರೀಕು ಭಾನುವಾರ ಉತ್ತರ ಕೊರಿಯಾದ ಸೇನೆ 38ನೇ ಅಕ್ಷಾಂಶ ದಾಟಿತು. ಒಂದೇ ಜನ, ಎರಡು ಸರ್ಕಾರ. ಎರಡೂ ಇಡೀ ಕೊರಿಯಾ ತನ್ನದೆನ್ನುತ್ತಿದ್ದವು. ಇದು ಆಕ್ರಮಣವೋ ಅಂತರ್ಯುದ್ಧವೋ? ಅಮೆರಿಕದ ಕರಡಿನಲ್ಲಿ ‘ಆಕ್ರಮಣ’ ಎಂಬ ಮಾತಿತ್ತು. ಹಲವು ಸದಸ್ಯರು ಅಳುಕಿದ್ದರಿಂದ ಅಂತಿಮ ಪಠ್ಯದಲ್ಲಿ ಅದು ‘ಶಾಂತಿಭಂಗ’ವಾಯಿತು. ಭಾರತ ಅದಕ್ಕೆ ಮತ ಹಾಕಿತು. ಎರಡು ದಿನಗಳ ಮೇಲೆ ದಕ್ಷಿಣಕ್ಕೆ ಸೇನಾ ನೆರವಿನ ನಿರ್ಣಯ ಬಂದಾಗ, ದೆಹಲಿಯಿಂದ ಸೂಚನೆ ಬಾರದೆ ರಾಯರು ಮತ ಹಾಕಲಿಲ್ಲ. ದೆಹಲಿ ಆಮೇಲೆ ಒಪ್ಪಿಗೆ ತಿಳಿಸಿತು.

ಇವೆಲ್ಲಕ್ಕಿಂತ ನನ್ನನ್ನು ತಡೆದು ನಿಲ್ಲಿಸುವುದು ಜುಲೈ 31ರ 85ನೇ ನಿರ್ಣಯ. ಕೊರಿಯಾದ ಸಾಮಾನ್ಯ ಜನರ ಸಂಕಟವನ್ನು ಬಾಯಿಬಿಟ್ಟು ಹೇಳಿ, ಪರಿಹಾರದ ಮಾತಾಡುವ ನಿರ್ಣಯ ಅದು. ಮೇಲ್ನೋಟಕ್ಕೆ ಕರುಣೆಯ ಬರಹ. ಆದರೆ ಕ್ರಿಯಾಪದದ ಕರ್ತೃ ಯಾರೆಂದು ನೋಡಿ. ಜನರಿಗೆ ಏನು ಬೇಕು, ಅದನ್ನು ಹೇಗೆ ತಲುಪಿಸಬೇಕು ಎಂದು ತೀರ್ಮಾನಿಸುವ ಹೊಣೆ ಅಮೆರಿಕದ ಮುಂದಾಳುತನದ ಸೇನಾ ಕಮಾಂಡಿನದು. ಅಂದರೆ ಕಾದುತ್ತಿರುವ ಒಂದು ಪಕ್ಷದ್ದು. ಬಾಂಬು ಹಾಕುವ ಕೈಗೇ ಅನ್ನದ ಸೌಟು. ಎದುರಾಳಿಯ ಹಿಡಿತದ ಊರಿನಲ್ಲಿ ಹಸಿದವರ ಗತಿಯೇನು ಎಂಬ ಪ್ರಶ್ನೆ ಏಳದ ಹಾಗೆ ಆ ವಾಕ್ಯಗಳನ್ನು ಹೆಣೆದಿದೆ. ಪರವಾಗಿ 9 ಮತ. ಯುಗೊಸ್ಲಾವಿಯ ತಟಸ್ಥ, ಸೋವಿಯತ್ ಗೈರು. ಒಂಬತ್ತರಲ್ಲಿ ಭಾರತವೂ ಒಂದು. ಆಗ ಅಷ್ಟು ಅಕ್ಕಿ, ಔಷಧಿ ಸಾಗಿಸಬಲ್ಲ ಬೇರೆ ಕೈ ಅಲ್ಲಿರಲಿಲ್ಲ, ಒಪ್ಪೋಣ. ಆದರೂ ಒಂದು ಪದ ಆಚೀಚೆಯಾದರೆ ಹಕ್ಕೇ ಆಚೀಚೆಯಾಗುತ್ತದೆಂದು ಬಲ್ಲ ಕರಡುಗಾರರೊಬ್ಬರ ಮತ ಇದಕ್ಕೆ ಬಿತ್ತೆಂಬುದು ಕಸಿವಿಸಿ ತರುತ್ತದೆ.

ಇದು ಹಳೆಯ ಕಡತದ ಮಾತಲ್ಲ. ಕಾಪು, ಕಾರ್ಕಳದ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಗಲ್ಫಿನಲ್ಲಿರುತ್ತಾರೆ. ಹಾಗಾಗಿ ದೂರದ ಯುದ್ಧವನ್ನು ನಾವು ವಿಮಾನದ ಸುದ್ದಿಯಾಗಿ ಓದುತ್ತೇವೆ. ನಮ್ಮವರು ಹತ್ತಿದರೇ, ಇಳಿದರೇ? 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಅಂತರ್ಯುದ್ಧ ಸ್ಫೋಟಿಸಿದಾಗ ಗಿಡಮೂಲಿಕೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದರು. ಚುನಾವಣೆಯ ಹೊತ್ತು, ಸಿದ್ದರಾಮಯ್ಯ ಮತ್ತು ವಿದೇಶಾಂಗ ಸಚಿವ ಜೈಶಂಕರ್ ಟ್ವಿಟರಿನಲ್ಲಿ ಜಟಾಪಟಿಗಿಳಿದರು. ‘ಆಪರೇಷನ್ ಕಾವೇರಿ’ ಅವರನ್ನು ಕರೆತಂದಿತು, ಅದು ದೊಡ್ಡ ಕೆಲಸವೇ. ಮೇ 10ರಂದು ಕರ್ನಾಟಕ ಮತ ಹಾಕಿತು. ಮರುದಿನ ಜೆಡ್ಡಾದಲ್ಲಿ, ಸೌದಿ ಮತ್ತು ಅಮೆರಿಕದ ಮಧ್ಯಸ್ಥಿಕೆಯಲ್ಲಿ, ಸುಡಾನಿನ ಎರಡೂ ಸೇನೆಗಳು ನಾಗರಿಕರನ್ನು ಕಾಪಾಡುತ್ತೇವೆ, ಪರಿಹಾರಕ್ಕೆ ದಾರಿ ಬಿಡುತ್ತೇವೆ ಎಂದು ಸಹಿ ಹಾಕಿದವು. ಆ ಕಾಗದ ಓದುವಷ್ಟು ವ್ಯವಧಾನ ನಮಗಿರಲಿಲ್ಲ, ನಮ್ಮವರು ಬಂದಾಗಿತ್ತಲ್ಲ. ಹಕ್ಕಿಪಿಕ್ಕಿಗಳಲ್ಲಿ ಕೆಲವರು ಸಿಲುಕಿದ್ದ ಎಲ್ ಫಾಶರ್ ಪಟ್ಟಣ ಮುಂದೆ ತಿಂಗಳುಗಟ್ಟಲೆ ಮುತ್ತಿಗೆಯಲ್ಲಿ ಹಸಿದು, 2025ರ ಅಕ್ಟೋಬರಿನಲ್ಲಿ ಬಿತ್ತು. ಅಲ್ಲಿಯೂ ಅನ್ನದ ದಾರಿ ಬಂದೂಕು ಹಿಡಿದವರ ಕೈಯಲ್ಲೇ ಇತ್ತು.

ರಾಯರ ಕಡೆಗೆ ಮತ್ತೆ ಬರುವುದಾದರೆ, ಅವರ ದೊಡ್ಡತನ ಕಾಣುವುದು 1950ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಚೀನಾ ಯುದ್ಧಕ್ಕಿಳಿದಿತ್ತು. ಕದನವಿರಾಮದ ದಾರಿ ಹುಡುಕಲು ಮಹಾಸಭೆ ಮೂವರನ್ನು ನೇಮಿಸಿತು: ಇರಾನಿನ ಎಂತೆಜಾಮ್, ಕೆನಡಾದ ಪಿಯರ್ಸನ್, ರಾಯರು. ಮೊದಲು ಗುಂಡು ನಿಲ್ಲಲಿ, ಮಾತು ಆಮೇಲೆ ಎಂಬ ಅವರ ಸೂತ್ರವನ್ನು ಚೀನಾ ತಳ್ಳಿಹಾಕಿತು. 1951ರ ಫೆಬ್ರವರಿ 1ರಂದು ಚೀನಾವನ್ನು ಆಕ್ರಮಣಕಾರನೆಂದು ಕರೆಯುವ ನಿರ್ಣಯ 44 ಮತಗಳಿಂದ ಗೆದ್ದಿತು. ವಿರೋಧಿಸಿದ್ದು ಏಳೇ ದೇಶ. ಸೋವಿಯತ್ ಬಣವನ್ನು ಬಿಟ್ಟರೆ ಭಾರತ ಮತ್ತು ಬರ್ಮಾ. ಬೈಗುಳ ಬರೆದಿಟ್ಟ ಮೇಲೆ ಮಾತುಕತೆಗೆ ಯಾರು ಬರುತ್ತಾರೆ ಎಂಬ ವಿವೇಕ ಆ ಮತದಲ್ಲಿದೆ. ಕದನವಿರಾಮಕ್ಕೆ ಸಹಿ ಬಿದ್ದದ್ದು 1953ರ ಜುಲೈ 27ಕ್ಕೆ.

ಅಷ್ಟು ತಡವಾಗಲು ಒಂದು ದೊಡ್ಡ ಕಾರಣ ಯುದ್ಧಕೈದಿಗಳು. ತಮ್ಮ ನಾಡಿಗೆ ಮರಳಲೊಲ್ಲದವರನ್ನು ಏನು ಮಾಡಬೇಕು? ರಾಯರು ಅಷ್ಟರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿದ್ದರು. 1952ರ ಭಾರತದ ನಿರ್ಣಯವನ್ನು ಮುಂದೊಯ್ದವರು ಕೃಷ್ಣ ಮೆನನ್. ಅದರ ಜೀವಾಳ ಇದು: ಮರಳಿಸುವುದಕ್ಕಾಗಲಿ ಮರಳದಂತೆ ತಡೆಯುವುದಕ್ಕಾಗಲಿ ಕೈದಿಗಳ ಮೇಲೆ ಬಲ ಪ್ರಯೋಗಿಸಕೂಡದು. ತಕ್ಕಡಿಯ ಎರಡು ತಟ್ಟೆಯಂಥ ಮಾತು. ಅದನ್ನು ನೆಲದ ಮೇಲೆ ನಡೆಸಲು ಹೋದವರು ಕೊಡಗಿನ ತಿಮ್ಮಯ್ಯ, ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ. ದಕ್ಷಿಣ ಕೊರಿಯಾದ ಸಿಂಗ್‌ಮನ್ ರೀ ಭಾರತದ ಸೈನಿಕರು ತನ್ನ ನೆಲ ಮೆಟ್ಟಕೂಡದೆಂದರು. ಹಡಗಿನಿಂದಲೇ ಹೆಲಿಕಾಪ್ಟರಿನಲ್ಲಿ ಅವರನ್ನು ಸೇನಾರಹಿತ ವಲಯಕ್ಕೆ ಒಯ್ಯಬೇಕಾಯಿತು. ಒಳಗೆ 22,000ಕ್ಕೂ ಹೆಚ್ಚು ಕೈದಿಗಳು. ಬೇಲಿಯ ಹೊರಗೆ ಭಾರತದ ಕಾವಲು, ಬೇಲಿಯ ಒಳಗೆ ಕೈದಿಗಳ ಮುಖಂಡರ ರಾಜ್ಯ. ಮರಳುತ್ತೇನೆಂದವರನ್ನು ಅಲ್ಲಿ ಕೊಂದದ್ದೂ ಉಂಟು. ಮುಖಂಡರನ್ನು ಬೇರ್ಪಡಿಸಬೇಕಾದರೆ ಬಲ ಬೇಕು, ಬಲ ಕೂಡದೆಂದು ಬರೆದಿದೆ. ನಿಷ್ಪಕ್ಷಪಾತವಾದ ಆ ವಾಕ್ಯ ಬಲವಿದ್ದವನ ಕಡೆಗೇ ವಾಲಿತು.

ತಿಮ್ಮಯ್ಯನವರು ಈ ಅನುಭವದ ಮೇಲೆ ಬರೆದ ‘ಎಕ್ಸ್‌ಪೆರಿಮೆಂಟ್ ಇನ್ ನ್ಯೂಟ್ರಾಲಿಟಿ’ ಅಚ್ಚಾದದ್ದು 1981ರಲ್ಲಿ, ಅವರು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿದ್ದಾಗಲೇ ತೀರಿಕೊಂಡು ಹದಿನೈದು ವರ್ಷ ದಾಟಿದ ಮೇಲೆ. ಕರಾವಳಿಯ ಕರಡುಗಾರ, ಕೊಡಗಿನ ಕಾವಲುಗಾರ, ಇಬ್ಬರನ್ನೂ ಒಟ್ಟಿಗೆ ಇಟ್ಟು ಓದಿದರೆ ಇಬ್ಬರೂ ಹೆಚ್ಚು ಅರ್ಥವಾಗುತ್ತಾರೆ. ರಾಯರು 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ಕಣ್ಣು ಮುಚ್ಚಿದಾಗ, ಕೈದಿಗಳಿಗೆ ತಿಳಿಹೇಳಲು ಗೊತ್ತುಮಾಡಿದ್ದ 90 ದಿನಗಳು ಇನ್ನೂ ಮುಗಿದಿರಲಿಲ್ಲ. ಬಹುಪಾಲು ಜನ ಒಂದು ಕಡೆಗೆ ಅಥವಾ ಇನ್ನೊಂದು ಕಡೆಗೆ ಹೋದರು. ಎರಡೂ ಬೇಡವೆಂದ ಎಂಬತ್ತಕ್ಕೂ ಹೆಚ್ಚು ಮಂದಿ 1954ರ ಫೆಬ್ರವರಿಯಲ್ಲಿ ಹಡಗಿನಲ್ಲಿ ಮದರಾಸಿಗೆ ಬಂದಿಳಿದರು. ಅವರಲ್ಲಿ ಹಲವರು ಮುಂದೆ ಬ್ರೆಜಿಲ್, ಅರ್ಜೆಂಟೀನಗಳಿಗೆ ಹೋದರು. ಕೆಲವರು ಇಲ್ಲೇ ಉಳಿದರು.